1969ರ ಕಮಾರೊ ಝಡ್/28 ಮತ್ತು ಮಸ್ಟಾಂಗ್ ಬಾಸ್ 302: ಯಾವುದು ಮುಂದೆ?

ಪ್ರಶ್ನೆ: ನಾನು ಹಾಸನದವನು. ಹತ್ತು ವರ್ಷಗಳಿಂದ ಅಮೆರಿಕದ ಮಿಶಿಗನ್‌ನಲ್ಲಿ ಇದ್ದೇನೆ. ಇಲ್ಲಿ ಪ್ರತಿ ಆಗಸ್ಟ್‌ನಲ್ಲಿ ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ ಹಳೆಯ ಕಾರುಗಳ ದೊಡ್ಡ ಮೆರವಣಿಗೆ ನಡೆಯುತ್ತದೆ. ಈ ಸಲ 1969ರ ಷೆವರ್ಲೆ ಕಮಾರೊ ಝಡ್/28 ಮತ್ತು ಅದೇ ವರ್ಷದ ಫೋರ್ಡ್ ಮಸ್ಟಾಂಗ್ ಬಾಸ್ 302 ಅಕ್ಕಪಕ್ಕದಲ್ಲೇ ನಿಂತಿದ್ದವು. ಎರಡರ ಇಂಜಿನ್‌ಗಳೂ 302 ಘನ ಅಂಗುಲದವು, ಎರಡಕ್ಕೂ 290 ಅಶ್ವಶಕ್ತಿ ಎಂದೇ ಫಲಕ. ಹಳೆಯ ಪರೀಕ್ಷಾ ವರದಿಗಳನ್ನು ಹುಡುಕಿದರೆ ಒಂದೊಂದರಲ್ಲಿ ಒಂದೊಂದು ಅಂಕಿ. ಪಕ್ಕದ ಮನೆಯ ಗೆಳೆಯ ಮಸ್ಟಾಂಗ್ ಕಡೆ, ನಾನು ಕಮಾರೊ ಕಡೆ. ನಿಜವಾಗಿ ಯಾವುದು ಹೆಚ್ಚು ವೇಗದ ಕಾರು? ಮುಂದೊಂದು ದಿನ ಕೊಳ್ಳುವುದಾದರೆ ಏನನ್ನು ನೋಡಬೇಕು?

ಉತ್ತರ: ನಿಮ್ಮ ಗೆಳೆಯರ ಮುಂದೆ ತಕ್ಷಣ ಹೇಳಲು ಒಂದು ಸಾಲು ಬೇಕಿದ್ದರೆ ಇಲ್ಲಿದೆ. ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ, ನೇರ ರಸ್ತೆಯಲ್ಲಿ ಝಡ್/28 ಮೂಗಿನಷ್ಟು ಮುಂದೆ. ತಿರುವುಗಳಿರುವ ರಸ್ತೆಯಲ್ಲಿ ಬಾಸ್ 302 ಮುಂದೆ. ಆದರೆ ಇಷ್ಟೇ ಹೇಳಿ ಬಂದರೆ ಅವರು ಇನ್ನೊಂದು ಹಳೆಯ ಪತ್ರಿಕೆಯನ್ನು ತಂದು ನಿಮ್ಮ ಬಾಯಿ ಮುಚ್ಚಿಸುತ್ತಾರೆ. ಏಕೆ ಮುಂದೆ, ಎಷ್ಟು ಮುಂದೆ, ಯಾವುದು ಅದನ್ನು ತಡೆಯುತ್ತದೆ ಎಂಬ ಲೆಕ್ಕ ಕೈಯಲ್ಲಿರಲಿ. ನಾನು ಹಲವು ವರ್ಷ ಇಂಜಿನ್ ಪರೀಕ್ಷಾ ಕೊಠಡಿಯ ಸದ್ದಿನಲ್ಲಿ ಕಳೆದವನು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬಾಸ್‌ನ ಇಂಜಿನ್ ಹೆಚ್ಚು ಚೆನ್ನಾಗಿ ಉಸಿರಾಡುತ್ತದೆ, ಆದರೆ ಅದನ್ನು ಕಟ್ಟಿದ ಫೋರ್ಡ್ ಕಂಪನಿಯೇ ಅದರ ಮೂಗನ್ನು ಹಿಡಿದಿತ್ತು.

ಮೊದಲು ಆ 302 ಎಲ್ಲಿಂದ ಬಂತು ಎಂಬುದು. ಎರಡು ಪೈಪೋಟಿ ಕಂಪನಿಗಳ ಇಂಜಿನ್ ಗಾತ್ರ ಒಂದೇ ಆಗಿದ್ದು ಕಾಕತಾಳೀಯವಲ್ಲ. 1966ರಲ್ಲಿ ಅಮೆರಿಕದ ಕ್ರೀಡಾ ಕಾರು ಸಂಘವಾದ ಎಸ್‌ಸಿಸಿಎ, ಟ್ರಾನ್ಸ್-ಆ್ಯಮ್ ಎಂಬ ರೇಸ್ ಸರಣಿಯನ್ನು ಆರಂಭಿಸಿತು. ಅಂಗಡಿಯಲ್ಲಿ ಸಿಗುವ ಕಾರುಗಳೇ ಓಡಬೇಕು, ಇಂಜಿನ್ ಗಾತ್ರ 305 ಘನ ಅಂಗುಲವನ್ನು, ಅಂದರೆ 5 ಲೀಟರನ್ನು ಮೀರಬಾರದು ಎಂಬುದು ನಿಯಮ. ಷೆವರ್ಲೆಯಲ್ಲಿ ವಿನ್ಸ್ ಪಿಗ್ಗಿನ್ಸ್ ಎಂಬ ಎಂಜಿನಿಯರ್ ಇದಕ್ಕಾಗಿ ಸರಳ ಉಪಾಯ ಮಾಡಿದರು. ಕಂಪನಿಯ 327 ಘನ ಅಂಗುಲದ ಇಂಜಿನ್‌ನ ಬ್ಲಾಕ್ ತೆಗೆದುಕೊಂಡು ಅದರೊಳಗೆ 283 ಇಂಜಿನ್‌ನ ಗಿಡ್ಡ ಹೊಡೆತದ ಕ್ರ್ಯಾಂಕ್, ಅಂದರೆ ಪಿಸ್ಟನ್ ಓಡಾಟವನ್ನು ತಿರುಗುವಿಕೆಯಾಗಿಸುವ ದಂಡ, ಕೂರಿಸಿದರು. ಸಿಲಿಂಡರಿನ ಅಗಲ 4 ಅಂಗುಲ, ಪಿಸ್ಟನ್ ಓಡಾಟ 3 ಅಂಗುಲ, ಎಂಟು ಸಿಲಿಂಡರುಗಳ ಒಟ್ಟು ಗಾತ್ರ ಲೆಕ್ಕ ಹಾಕಿದರೆ 302 ಘನ ಅಂಗುಲ. ಹೊಸ ಕಾರಿಗೆ ಚಂದದ ಹೆಸರನ್ನೂ ಹುಡುಕಲಿಲ್ಲ. ಆರ್ಡರ್ ಪಟ್ಟಿಯಲ್ಲಿ ಸೂಪರ್ ಸ್ಪೋರ್ಟ್ ಪ್ಯಾಕೇಜಿನ ಸಂಕೇತ ಝಡ್27 ಆಗಿತ್ತು, ಅದರ ಮುಂದಿನ ಸಂಖ್ಯೆ ಇದಕ್ಕೆ ಬಂತು. 1967ರಲ್ಲಿ ಇಂಥ ಕಾರುಗಳು ಮಾರಾಟವಾದದ್ದು ಬರೀ 602. ಎರಡೇ ವರ್ಷಗಳಲ್ಲಿ ಆ ಆರ್ಡರ್ ಸಂಕೇತವೇ ಯುವಕರ ಬಾಯಲ್ಲಿ ಮಂತ್ರವಾಯಿತು.

ಫೋರ್ಡ್ ಹಿಡಿದ ದಾರಿ ಹೆಚ್ಚು ವಕ್ರವಾದದ್ದು. 1968ರಲ್ಲಿ ಅದು ರೇಸಿಗೆ ತಂದ ಟನಲ್-ಪೋರ್ಟ್ 302 ಇಂಜಿನ್‌ಗಳು ಒಂದರ ಹಿಂದೆ ಒಂದು ಸಿಡಿದವು. ಅದೇ ವರ್ಷ ಪೆನ್‌ಸ್ಕಿ ತಂಡದ ಮಾರ್ಕ್ ಡಾನಹ್ಯೂ ಕಮಾರೊ ಓಡಿಸಿ 13 ರೇಸ್‌ಗಳಲ್ಲಿ 10ನ್ನು ಗೆದ್ದರು. ಫೋರ್ಡ್‌ಗೆ ಇದು ಅವಮಾನ. ಷೆವರ್ಲೆಯ ಮಾತೃ ಕಂಪನಿ ಜನರಲ್ ಮೋಟಾರ್ಸ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಬಂಕಿ ನಡ್ಸೆನ್ 1968ರಲ್ಲಿ ಫೋರ್ಡ್‌ನ ಅಧ್ಯಕ್ಷರಾಗಿ ಬಂದರು, ಅವರ ಹಿಂದೆಯೇ ವಿನ್ಯಾಸಕಾರ ಲ್ಯಾರಿ ಶಿನೋಡಾ ಕೂಡ ಬಂದರು. ಎದುರಾಳಿಯ ಮನೆಯ ಒಳಗುಟ್ಟು ಬಲ್ಲ ಇಬ್ಬರು ಸಿಕ್ಕಂತಾಯಿತು. ಆಗಿನ್ನೂ ಮಾರುಕಟ್ಟೆಗೆ ಬರಬೇಕಿದ್ದ 351 ಕ್ಲೀವ್‌ಲ್ಯಾಂಡ್ ಇಂಜಿನ್‌ಗಾಗಿ ತಯಾರಾಗುತ್ತಿದ್ದ, ವಾಲ್ವ್ ಕೂರುವ ಮೇಲ್ಮುಚ್ಚಳವಾದ ಸಿಲಿಂಡರ್ ಹೆಡ್‌ಗಳನ್ನು ಫೋರ್ಡ್ ತನ್ನ ಚಿಕ್ಕ 302ರ ಬ್ಲಾಕ್ ಮೇಲೆ ಕೂರಿಸಿತು. ಇಲ್ಲಿಯೂ ಅಗಲ 4 ಅಂಗುಲ, ಓಡಾಟ 3 ಅಂಗುಲ. ಕಾರಿಗೆ ಬಾಸ್ ಎಂಬ ಹೆಸರಿಟ್ಟವರು ಶಿನೋಡಾ. ಯಾವ ಕೆಲಸದಲ್ಲಿದ್ದೀರಿ ಎಂದು ಯಾರಾದರೂ ಕೇಳಿದರೆ ‘ಬಾಸ್‌ನ ಕಾರು’ ಎನ್ನುತ್ತಿದ್ದರಂತೆ. ಆ ಬಾಸ್ ನಡ್ಸೆನ್ ಅವರೇ.

ಈಗ ಆ ಹೆಡ್‌ಗಳ ವಿಷಯ, ಏಕೆಂದರೆ ನಿಮ್ಮ ಜಗಳದ ಬೇರು ಅಲ್ಲಿದೆ. ಝಡ್/28ರ ಒಳಸೇದುವ ವಾಲ್ವ್ 2.02 ಅಂಗುಲ ಅಗಲದ್ದು. 1969ರ ಬಾಸ್‌ನದ್ದು 2.23 ಅಂಗುಲ. ಅಂಕಿಯಲ್ಲಿ ಚಿಕ್ಕ ವ್ಯತ್ಯಾಸದಂತೆ ಕಾಣುತ್ತದೆ, ವರ್ಗ ಮಾಡಿ ನೋಡಿ: ಬಾಯಿಯ ವಿಸ್ತಾರ ಸುಮಾರು 22 ಶೇಕಡಾ ಹೆಚ್ಚು. ಅಲ್ಲದೆ ಷೆವರ್ಲೆಯಲ್ಲಿ ವಾಲ್ವ್‌ಗಳು ಒಂದೇ ಸಾಲಿನಲ್ಲಿ ನೆಟ್ಟಗೆ ನಿಂತಿದ್ದರೆ, ಬಾಸ್‌ನಲ್ಲಿ ಅವು ಬೇರೆ ಬೇರೆ ದಿಕ್ಕಿಗೆ ಓರೆಯಾಗಿವೆ. ತೆರೆದಾಗ ಸಿಲಿಂಡರಿನ ಗೋಡೆಯಿಂದ ದೂರ ಸರಿಯುತ್ತವೆ, ಗಾಳಿಗೆ ಜಾಗ ಸಿಗುತ್ತದೆ. ಮೇಲಿನ ವೇಗದಲ್ಲಿ ಗಾಳಿ ನುಗ್ಗಿಸುವ ಸಾಮರ್ಥ್ಯದಲ್ಲಿ ಫೋರ್ಡ್‌ನ ಹೆಡ್ ಆ ಕಾಲದ ಸಣ್ಣ ಇಂಜಿನ್‌ಗಳಲ್ಲೇ ಅತ್ಯುತ್ತಮವಾದವುಗಳಲ್ಲಿ ಒಂದು. ಫೋರ್ಡ್ ಮುಂದಿನ ವರ್ಷ ಆ ವಾಲ್ವನ್ನು 2.19 ಅಂಗುಲಕ್ಕೆ ಇಳಿಸಿತು. ರಸ್ತೆಯ ಮೇಲೆ ಓಡುವ ಐದು ಲೀಟರಿನ ಇಂಜಿನ್‌ಗೆ ಅಷ್ಟು ದೊಡ್ಡ ಬಾಯಿ ಅತಿಯಾಯಿತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅತಿ ಎಂದೆ, ಕಾರಣ ಇಷ್ಟೆ. ಅಗಲವಾದ ಕಾಲುವೆಯಲ್ಲಿ ಸ್ವಲ್ಪವೇ ನೀರು ಬಿಟ್ಟರೆ ಅದು ತೆವಳುತ್ತದೆ. ಇಂಜಿನ್ ನಿಧಾನವಾಗಿ ತಿರುಗುವಾಗ ದೊಡ್ಡ ಬಾಯಿಯೊಳಗೆ ಗಾಳಿಯೂ ಹಾಗೆಯೇ ತೆವಳುತ್ತದೆ, ಪೆಟ್ರೋಲ್ ಸರಿಯಾಗಿ ಬೆರೆಯುವುದಿಲ್ಲ, ಎಳೆತ ಹುಟ್ಟುವುದಿಲ್ಲ. ಹಾಗೆಂದು ಷೆವರ್ಲೆ ಇಲ್ಲಿ ಸಾಧು ಪ್ರಾಣಿಯೇನೂ ಅಲ್ಲ. ವಾಲ್ವ್ ತೆರೆದು ಮುಚ್ಚಿಸುವ ಅದರ ಕ್ಯಾಮ್, ಷೆವರ್ಲೆಯ ಕ್ರೀಡಾ ಕಾರು ಕಾರ್ವೆಟ್‌ನ ಎಂಜಿನಿಯರ್ ಝೋರಾ ಆರ್ಕಸ್-ಡಂಟೋವ್ ಹೆಸರಿನಲ್ಲಿ ಪ್ರಸಿದ್ಧವಾದ ‘30-30’. ಒಳ ಮತ್ತು ಹೊರ ವಾಲ್ವ್ ಎರಡಕ್ಕೂ ಟ್ಯಾಪೆಟ್ ಸಂದು (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಅಂತರ) 0.030 ಅಂಗುಲ, ಅಂದರೆ ಮುಕ್ಕಾಲು ಮಿಲಿಮೀಟರ್. ಹೆಸರು ಬಂದದ್ದು ಅದರಿಂದಲೇ. ಸಾಮಾನ್ಯ ಕಾರಿನಲ್ಲಿ ಅದರ ಅರ್ಧ ಇದ್ದರೆ ಹೆಚ್ಚು. ಹಾಗಾಗಿಯೇ ಝಡ್/28 ನಿಂತಲ್ಲೇ ಹೊಲಿಗೆ ಯಂತ್ರದಂತೆ ಟಕಟಕ ಎನ್ನುತ್ತದೆ, ಸಿಗ್ನಲ್‌ನಲ್ಲಿ ನಡುಗುತ್ತದೆ. ಎರಡೂ ಕಾರುಗಳು ನಿಮಿಷಕ್ಕೆ 3,500 ಸುತ್ತುಗಳ ಕೆಳಗೆ ಮಂಕು, ಅದರ ಮೇಲೆ ಬೇರೆಯೇ ಪ್ರಾಣಿ. ಎರಡರಲ್ಲೂ ಆಟೊಮ್ಯಾಟಿಕ್ ಗೇರ್ ಇರಲಿಲ್ಲ, ಹವಾನಿಯಂತ್ರಣವೂ ಇರಲಿಲ್ಲ. ದೊಡ್ಡ ಇಂಜಿನ್‌ನ ಅಮೆರಿಕನ್ ಕಾರುಗಳಂತೆ ಕಾಲು ಒತ್ತಿದರೆ ಸಾಕು ಎಂಬ ಸೋಮಾರಿತನ ಇಲ್ಲಿ ನಡೆಯುವುದಿಲ್ಲ.

ಇನ್ನು ಆ 290 ಅಶ್ವಶಕ್ತಿ. ಎರಡು ಕಂಪನಿಗಳೂ 5,800 ಸುತ್ತಿನಲ್ಲಿ 290 ಎಂದು ಬರೆದವು. ಟಾರ್ಕ್ (ತಿರುಗಿಸುವ ಬಲ) ಕೂಡ ಎರಡಕ್ಕೂ 290 ಪೌಂಡ್-ಅಡಿ. ಬೇರೆ ಬೇರೆ ಹೆಡ್, ಬೇರೆ ಕ್ಯಾಮ್, ಬೇರೆ ಸಂಕೋಚನ ಅನುಪಾತ ಇರುವ ಎರಡು ಇಂಜಿನ್‌ಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಅಂಕಿ ಕೊಟ್ಟವು ಎಂದರೆ ನಂಬಬೇಡಿ. ಅದು ಅಳೆದ ಅಂಕಿಯಲ್ಲ, ಆರಿಸಿದ ಅಂಕಿ. ಷೆವರ್ಲೆ 1967ರಿಂದಲೇ 290 ಎನ್ನುತ್ತಿತ್ತು, ಫೋರ್ಡ್ ಅದನ್ನೇ ನಕಲು ಮಾಡಿತು. ನಿಜವಾದ ಬಲ ಇನ್ನೂ ಹೆಚ್ಚಿತ್ತು; ವಿಮಾ ಕಂಪನಿಗಳ ಕಣ್ಣು ತಪ್ಪಿಸಲು ಕಡಿಮೆ ಬರೆಯುವುದು ಆಗಿನ ಡೆಟ್ರಾಯಿಟ್‌ನ ಎಲ್ಲರಿಗೂ ಗೊತ್ತಿದ್ದ ಗುಟ್ಟು.

ಇದನ್ನು ಬರೀ ಮಾತಾಗಿ ಒಪ್ಪಬೇಡಿ, ಲೆಕ್ಕ ಹಾಕಿ ನೋಡೋಣ. ಆ ಕಾಲದ ಅಶ್ವಶಕ್ತಿಯನ್ನು ‘ಗ್ರಾಸ್’ ಪದ್ಧತಿಯಲ್ಲಿ ಹೇಳುತ್ತಿದ್ದರು: ಇಂಜಿನನ್ನು ಪರೀಕ್ಷಾ ಮಂಚದ ಮೇಲೆ ಕಟ್ಟಿ, ಏರ್ ಫಿಲ್ಟರ್ ಇಲ್ಲದೆ, ಸೈಲೆನ್ಸರ್ ಇಲ್ಲದೆ ಅಳೆದದ್ದು. ಕಾರಿನೊಳಗೆ ಇಟ್ಟಮೇಲೆ ಅದರಲ್ಲಿ ಒಂದು ಪಾಲು ಕರಗಿಹೋಗುತ್ತದೆ. 1972ರಿಂದ ಕಂಪನಿಗಳು ‘ನೆಟ್’ ಪದ್ಧತಿಗೆ ಬಂದಾಗ ಎಲ್ಲ ಕಾರುಗಳ ಅಶ್ವಶಕ್ತಿ ರಾತ್ರೋರಾತ್ರಿ ಕುಸಿದಂತೆ ಕಂಡದ್ದು ಬಹುಮಟ್ಟಿಗೆ ಇದರಿಂದಲೇ. ನೇರ ಪಟ್ಟಿಯಲ್ಲಿ ವೇಗದ ಪಂದ್ಯ ಆಡುವ ಡ್ರ್ಯಾಗ್ ಓಟದವರಲ್ಲಿ ಒಂದು ಹಳೆಯ ಸೂತ್ರವಿದೆ. ಕಾಲು ಮೈಲಿಯ, ಅಂದರೆ 402 ಮೀಟರಿನ ಕೊನೆಯಲ್ಲಿ ಕಾರು ದಾಟಿದ ವೇಗವನ್ನು ಗಂಟೆಗೆ ಮೈಲಿಯಲ್ಲಿ ತೆಗೆದುಕೊಳ್ಳಿ, 234ರಿಂದ ಭಾಗಿಸಿ, ಘನ ಮಾಡಿ, ಚಾಲಕನೂ ಸೇರಿದ ತೂಕವನ್ನು ಪೌಂಡ್‌ಗಳಲ್ಲಿ ಗುಣಿಸಿ. ಬರುವುದು ಕಾರಿನೊಳಗಿನ ಇಂಜಿನ್‌ನ ಬಲದ ಸ್ಥೂಲ ಅಂದಾಜು. ಈ ಎರಡೂ ಕಾರುಗಳು ಚಾಲಕನೊಂದಿಗೆ 3,600 ಪೌಂಡ್, ಸುಮಾರು 1,630 ಕೆ.ಜಿ. ಎಂದುಕೊಳ್ಳೋಣ. ಆಗಿನ ಪತ್ರಿಕಾ ಪರೀಕ್ಷೆಗಳಲ್ಲಿ ಬಾಸ್ 98 ಮೈಲಿಯ ಆಸುಪಾಸಿನಲ್ಲಿ, ಝಡ್/28 ಸುಮಾರು 101 ಮೈಲಿಯಲ್ಲಿ ಗೆರೆ ದಾಟಿದವು. ಲೆಕ್ಕ ಹಾಕಿದರೆ ಬಾಸ್‌ಗೆ ಸುಮಾರು 265, ಝಡ್/28ಗೆ ಸುಮಾರು 290. ಫಿಲ್ಟರ್, ಸೈಲೆನ್ಸರ್, ಫ್ಯಾನ್ ಎಲ್ಲ ಹೊತ್ತು ಇಷ್ಟು ಬಲ ಕೊಡುವ ಇಂಜಿನ್ ಪರೀಕ್ಷಾ ಮಂಚದ ಮೇಲೆ ಬರೀ 290 ಕೊಟ್ಟಿರಲು ಸಾಧ್ಯವೇ ಇಲ್ಲ. ಜಾಹೀರಾತಿನ ಸುಳ್ಳನ್ನು ಗಡಿಯಾರವೇ ಹೊರಹಾಕುತ್ತದೆ.

ಇಲ್ಲಿ ನಿಮ್ಮ ಗೆಳೆಯರು ಏಳುತ್ತಾರೆ: ಉಸಿರಾಟ ಬಾಸ್‌ನದ್ದೇ ಚೆನ್ನ ಎಂದಿರಿ, ಮತ್ತೆ ಬಲದಲ್ಲಿ ಅದೇ ಹಿಂದೆ ಎನ್ನುತ್ತೀರಲ್ಲ? ನ್ಯಾಯವಾದ ಪ್ರಶ್ನೆ. ಉತ್ತರ ಮುಂಭಾಗದ ಫೆಂಡರಿನ ಒಳಗೆ ಕೂತಿರುವ ಒಂದು ಪುಟ್ಟ ಪೆಟ್ಟಿಗೆಯಲ್ಲಿದೆ.

ಅದು ರೆವ್ ಲಿಮಿಟರ್. ಬಾಸ್ 302 ಇಂಜಿನ್ ನಿಮಿಷಕ್ಕೆ 6,150 ಸುತ್ತು ತಲುಪಿದರೆ ಈ ಪೆಟ್ಟಿಗೆ ಕಿಡಿಯನ್ನು ತಪ್ಪಿಸಿ ವೇಗವನ್ನು ತಡೆಯುತ್ತದೆ. ವಾರಂಟಿಯ ಭಯದಿಂದ ಫೋರ್ಡ್ ಅದನ್ನು ಹಾಕಿತು. ದೊಡ್ಡ ವಾಲ್ವ್‌ಗಳಿಗೆ ಹಬ್ಬ ಶುರುವಾಗುವುದೇ ಆ ಸುತ್ತಿನ ಮೇಲೆ! ಝಡ್/28ರಲ್ಲಿ ಅಂಥ ಕಡಿವಾಣ ಇರಲಿಲ್ಲ, ಅದು 7,000ದವರೆಗೆ ಗೊಣಗದೆ ಹೋಗುತ್ತಿತ್ತು. 3 ಅಂಗುಲದ ಗಿಡ್ಡ ಓಡಾಟದಿಂದಾಗಿ 7,000 ಸುತ್ತಿನಲ್ಲಿಯೂ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 17.8 ಮೀಟರ್ ಮಾತ್ರ. ಆ ಕಾಲದ ಲೋಹಕ್ಕೆ ಅದು ಹೆಚ್ಚೇನಲ್ಲ.

ಇದು ಗಡಿಯಾರದ ಮೇಲೆ ಹೇಗೆ ಬೀಳುತ್ತದೆ ನೋಡಿ. ಝಡ್/28ರ ಕ್ಲೋಸ್-ರೇಶಿಯೊ ಗೇರ್‌ಪೆಟ್ಟಿಗೆಯಲ್ಲಿ (ಗೇರ್‌ಗಳ ನಡುವಿನ ಅಂತರ ಕಡಿಮೆ ಇರುವುದು) ಮೊದಲ ಗೇರಿನ ಅನುಪಾತ 2.20, ಹಿಂದಿನ ಆಕ್ಸಲಿನದ್ದು 3.73. ಗುಣಿಸಿದರೆ 8.21, ಅಂದರೆ ಚಕ್ರ ಒಂದು ಸುತ್ತು ತಿರುಗಲು ಇಂಜಿನ್ ಅಷ್ಟು ಸುತ್ತು ತಿರುಗಬೇಕು. ಬಾಸ್‌ನ ಕ್ಲೋಸ್-ರೇಶಿಯೊದಲ್ಲಿ ಮೊದಲ ಗೇರ್ 2.32, ಆಕ್ಸಲ್ 3.50, ಗುಣಿಸಿದರೆ 8.12. ಅಂದರೆ ನಿಂತಲ್ಲಿಂದ ಹೊರಡುವಾಗ ಎರಡು ಕಾರುಗಳ ಸನ್ನೆ ಹೆಚ್ಚುಕಡಿಮೆ ಒಂದೇ. ಟೈರ್‌ನ ಎತ್ತರ ಎರಡರದ್ದೂ ಸುಮಾರು 26 ಅಂಗುಲ. ಝಡ್/28 ತನ್ನ 7,000 ಸುತ್ತಿನಲ್ಲಿ ಮೊದಲ ಗೇರಿನಲ್ಲೇ ಗಂಟೆಗೆ 66 ಮೈಲಿ, ಅಂದರೆ 106 ಕಿ.ಮೀ. ಮುಟ್ಟುತ್ತದೆ. ಬಾಸ್‌ಗೆ 6,150ರ ಕಡಿವಾಣ ಬೀಳುವುದು 58.6 ಮೈಲಿಯಲ್ಲಿ. ಪತ್ರಿಕೆಗಳು ಅಳೆಯುತ್ತಿದ್ದುದೋ ಸೊನ್ನೆಯಿಂದ 60 ಮೈಲಿ! ಒಂದೂವರೆ ಮೈಲಿಯ ಕೊರತೆಗಾಗಿ ಬಾಸ್‌ನ ಚಾಲಕ ಕ್ಲಚ್ ಒತ್ತಿ, ಎರಡನೇ ಗೇರಿಗೆ ಹಾಕಿ, ಮತ್ತೆ ಬಿಡಬೇಕು. ನುರಿತವನಿಗೂ ಅದಕ್ಕೆ ಕಾಲು ಸೆಕೆಂಡಿನಿಂದ ಅರ್ಧ ಸೆಕೆಂಡು ಬೇಕು. 60 ಮೈಲಿಯ ಓಟದಲ್ಲಿ ಝಡ್/28 ಗೆದ್ದಿತು ಎಂಬ ವರದಿ ನೋಡಿದರೆ, ಗೆದ್ದದ್ದು ಇಂಜಿನ್ನೋ ಅಥವಾ ಗೆರೆ ಎಳೆದ ಜಾಗವೋ ಎಂದು ಕೇಳಿ. ಗೆರೆಯನ್ನು 55ಕ್ಕೆ ಎಳೆದಿದ್ದರೆ ಈ ಅಂತರ ಮಾಯ.

ಝಡ್/28ನ್ನು ಇನ್ನೊಂದು ಗೇರ್‌ಪೆಟ್ಟಿಗೆಯೊಂದಿಗೂ ಕೊಳ್ಳಬಹುದಿತ್ತು. ಅದರಲ್ಲಿ ಮೊದಲ ಗೇರ್ 2.52. ಆ ಕಾರು ಹೊರಡುವಾಗ ಚುರುಕು, ಆದರೆ 60 ಮೈಲಿಯೊಳಗೆ ಗೇರ್ ಬದಲಿಸಲೇಬೇಕು. ಆಕ್ಸಲ್ ಕೂಡ 4.10ರದ್ದು ಸಿಗುತ್ತಿತ್ತು. ಬಾಸ್‌ನಲ್ಲಿಯೂ 2.78ರ ಮೊದಲ ಗೇರಿನ ವೈಡ್-ರೇಶಿಯೊ ಇತ್ತು. ಯಾವ ಪತ್ರಿಕೆಗೆ ಯಾವ ಜೋಡಿ ಸಿಕ್ಕಿತೋ ಅದರಂತೆ ಅಂಕಿ. ನಿಮಗೆ ಒಂದೊಂದರಲ್ಲಿ ಒಂದೊಂದು ಕಂಡದ್ದಕ್ಕೆ ಅರ್ಧ ಕಾರಣ ಇದೇ.

ಕಾಲು ಮೈಲಿಯ ಕೊನೆಯ ಭಾಗ ಎರಡೂ ಕಾರುಗಳಿಗೆ ಮೂರನೇ ಗೇರಿನಲ್ಲಿ ಮುಗಿಯುತ್ತದೆ. ಅಲ್ಲಿ ಸನ್ನೆಯ ಸಮಾನತೆ ಮುರಿಯುತ್ತದೆ: ಝಡ್/28ಗೆ 4.77, ಬಾಸ್‌ಗೆ 4.52. ನೂರು ಮೈಲಿ ವೇಗದಲ್ಲಿ ಷೆವರ್ಲೆಯ ಇಂಜಿನ್ 6,170 ಸುತ್ತಿನಲ್ಲಿ ಕೂಗುತ್ತಿರುತ್ತದೆ, ಫೋರ್ಡ್‌ನದ್ದು 5,835ರಲ್ಲಿ ಇನ್ನೂ ಮೇಲೇರಲು ನೋಡುತ್ತಿರುತ್ತದೆ. ಬಾಸ್ ತನ್ನ ಅತ್ಯುತ್ತಮ ಉಸಿರಿನ ಜಾಗ ತಲುಪುವ ಮೊದಲೇ ಓಟ ಮುಗಿದಿರುತ್ತದೆ. ಲಿಮಿಟರಿನ ತಂತಿ ಕಿತ್ತು 3.91 ಅಥವಾ 4.30ರ ಆಕ್ಸಲ್ ಹಾಕಿದ ಬಾಸ್ ಕಾರುಗಳು ಝಡ್/28ಗಳನ್ನು ಬೆವರಿಳಿಸಿದ್ದು ಈ ಲೆಕ್ಕದಿಂದ ಸಹಜ. ಆ ತಂತಿ ಕೀಳಲು ಒಂದು ನಿಮಿಷ ಸಾಕು. ಬಹಳ ಮಾಲೀಕರು ಮೊದಲ ವಾರವೇ ಅದನ್ನು ಮಾಡಿದರು.

ಸೆಕೆಂಡುಗಳ ಬಗ್ಗೆ ಒಂದು ಎಚ್ಚರಿಕೆ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಎಂದು ಲೆಕ್ಕ ಹಾಕಿ ಉಸೇನ್ ಬೋಲ್ಟ್ ಜೊತೆಗೆ ತೂಗಿದ್ದು ನಿಮಗೆ ನೆನಪಿರಬಹುದು. ಕೆಸರು ಗದ್ದೆ, ಮುಂದೆ ಎಳೆಯುವ ಕೋಣಗಳು, ಬೇರೆ ಗಡಿಯಾರ. ಗೌಡರ ಸಾಹಸ ದೊಡ್ಡದೇ, ಆದರೆ ಆ ಹೋಲಿಕೆಗೆ ಬುಡವಿರಲಿಲ್ಲ. 1969ರ ಕಾರು ಪರೀಕ್ಷೆಗಳೂ ಹಾಗೆಯೇ. ಒಂದು ಪತ್ರಿಕೆ ಕ್ಯಾಲಿಫೋರ್ನಿಯಾದ ತಂಪು ಬೆಳಗಿನಲ್ಲಿ, ಇನ್ನೊಂದು ಬಿಸಿಲಲ್ಲಿ. ಡ್ರ್ಯಾಗ್ ಪಟ್ಟಿಯಲ್ಲಿ ಬೆಳಕಿನ ಕಿರಣವನ್ನು ಮುಂದಿನ ಚಕ್ರ ಬಿಟ್ಟಮೇಲೆ ಗಡಿಯಾರ ಓಡುತ್ತದೆ. ಅಷ್ಟರಲ್ಲಿ ಕಾರು ಒಂದು ಅಡಿಯಷ್ಟು ಸರಿದಾಗಿರುತ್ತದೆ. ಮೇಲಾಗಿ ಕಂಪನಿಗಳು ಪತ್ರಿಕೆಗಳಿಗೆ ಕೊಡುತ್ತಿದ್ದ ಕಾರುಗಳು ಅಂಗಡಿಯ ಕಾರುಗಳೇ ಆಗಿರುತ್ತಿರಲಿಲ್ಲ. 1968ರಲ್ಲಿ ಒಂದು ಝಡ್/28 ಕಾಲು ಮೈಲಿಯನ್ನು 14 ಸೆಕೆಂಡಿನೊಳಗೆ ಮುಗಿಸಿತು ಎಂದು ನಿಮ್ಮ ಪಕ್ಷದವರು ಹೆಮ್ಮೆಯಿಂದ ತೋರಿಸುತ್ತಾರೆ. ಅದಕ್ಕೆ ಎರಡು ಕಾರ್ಬುರೇಟರ್‌ಗಳ ರೇಸಿಂಗ್ ಮ್ಯಾನಿಫೋಲ್ಡ್ (ಗಾಳಿ-ಪೆಟ್ರೋಲ್ ಹಂಚುವ ಕೊಳವೆ) ಹಾಕಿತ್ತು ಎಂಬುದನ್ನು ತೋರಿಸುವುದಿಲ್ಲ. ಹಾಲಿ ಎಂಬ ಕಂಪನಿಯ ಒಂದೇ ಕಾರ್ಬುರೇಟರ್ ಇರುವ ಸಾಮಾನ್ಯ ಕಾರುಗಳು ಎರಡೂ ಹದಿನಾಲ್ಕೂವರೆ ಸೆಕೆಂಡಿನ ಆಚೀಚೆ ನಿಲ್ಲುತ್ತವೆ.

ವಾದ ಮಾಡುವಾಗ ಸೆಕೆಂಡನ್ನು ಬಿಟ್ಟು ಗೆರೆ ದಾಟುವ ವೇಗವನ್ನು ಹಿಡಿಯಿರಿ. ಸೆಕೆಂಡಿನಲ್ಲಿ ಟೈರಿನ ಹಿಡಿತ, ಕ್ಲಚ್ ಬಿಡುವ ಕಾಲಿನ ಚಾತುರ್ಯ, ಅದೃಷ್ಟ ಎಲ್ಲ ಬೆರೆತಿರುತ್ತವೆ. ಹೊರಡುವಾಗ ಚಕ್ರ ಜಾರಿ ಅರ್ಧ ಸೆಕೆಂಡು ಕಳೆದುಕೊಂಡರೂ ಕೊನೆಯ ವೇಗ ಅಷ್ಟಾಗಿ ಬದಲಾಗುವುದಿಲ್ಲ. ಅಂದಿನ ಟೈರ್‌ಗಳಲ್ಲಂತೂ ಚಕ್ರ ಜಾರುವುದು ಮಾಮೂಲಿ.

ತಿರುವುಗಳಿಗೆ ಬರೋಣ. ಅಲ್ಲಿ ನಾನು ನಿಮ್ಮ ಪಕ್ಷ ಬಿಟ್ಟು ಹೋಗುತ್ತೇನೆ. ಎರಡೂ ಕಾರುಗಳ ಹಿಂಭಾಗದಲ್ಲಿ ನಮ್ಮ ಲಾರಿಗಳಲ್ಲಿರುವಂತೆ ಗಟ್ಟಿ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್. ಕಾಗದದಲ್ಲಿ ಯಾರೂ ಮುಂದಿಲ್ಲ. ಆದರೆ ಫೋರ್ಡ್‌ನ ಎಂಜಿನಿಯರ್ ಮ್ಯಾಟ್ ಡಾನರ್ ಬಾಸ್‌ನ ಸಸ್ಪೆನ್ಷನ್ ಹೊಂದಿಸಲು ಪಟ್ಟ ಶ್ರಮ ಅದರ ನಡೆಯಲ್ಲಿ ಗೊತ್ತಾಗುತ್ತದೆ. ಬಲವಾಗಿ ಹೊರಡುವಾಗ ಆಕ್ಸಲ್ ಕುಣಿಯದಂತೆ ಹಿಂದಿನ ಶಾಕ್ ಅಬ್ಸಾರ್ಬರ್‌ಗಳಲ್ಲಿ ಒಂದು ಆಕ್ಸಲಿನ ಮುಂದೆ, ಇನ್ನೊಂದು ಹಿಂದೆ. ಕಮಾರೊ ಈ ಉಪಾಯವನ್ನು 1968ರಲ್ಲೇ ಕಲಿತಿತ್ತು. ವ್ಯತ್ಯಾಸ ತಂದದ್ದು ಟೈರ್. ಝಡ್/28ಗೆ ಇ70-15, ಬಾಸ್‌ಗೆ ಎಫ್60-15. ಬಾಸ್‌ನ ಟೈರಿನ ಅಗಲ ಹೆಚ್ಚು, ಪಕ್ಕದ ಗೋಡೆ ಗಿಡ್ಡ. ಆ ಟೈರ್‌ಗಳ ಹಿಡಿತ ಎಷ್ಟಿತ್ತೆಂದರೆ ಪರೀಕ್ಷೆಯ ವೇಳೆ ಮಸ್ಟಾಂಗ್‌ನ ಮುಂದಿನ ಶಾಕ್ ಗೋಪುರಗಳೇ (ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಕೂರುವ ಜಾಗ) ಬಿರುಕುಬಿಟ್ಟವು, ಫೋರ್ಡ್ ಅವುಗಳಿಗೆ ಬಲವರ್ಧನೆ ಮಾಡಬೇಕಾಯಿತು. ಜೊತೆಗೆ 16:1ರ ಚುರುಕಾದ ಸ್ಟೀರಿಂಗ್. ಮೂತಿ ಭಾರವಾಗಿ ತಿರುವಿನ ಹೊರಗೆ ಜಾರುವ ಮಸ್ಟಾಂಗ್‌ನ ಹಳೆಯ ಚಾಳಿ ಇದರಲ್ಲಿ ಬಹುಮಟ್ಟಿಗೆ ಹೋಗಿತ್ತು. ಆಗಿನ ವಿಮರ್ಶಕರು ಕೂಡ ಬಾಸ್‌ನ ಇಂಜಿನ್‌ಗಿಂತ ಅದರ ತಿರುವಿನ ಗುಣವನ್ನೇ ಹೆಚ್ಚು ಹೊಗಳಿದರು. ಕಮಾರೊ ತಿರುವಿನಲ್ಲಿ ಕೆಟ್ಟದ್ದಲ್ಲ; ಬಾಸ್ ಚಾಲಕನಿಗೆ ಧೈರ್ಯ ತುಂಬುತ್ತದೆ, ಅಷ್ಟು ವ್ಯತ್ಯಾಸ.

ಬ್ರೇಕ್‌ನಲ್ಲಿ ಹೇಳುವಂಥದ್ದು ಕಡಿಮೆ. ಎರಡಕ್ಕೂ ಮುಂದೆ ಡಿಸ್ಕ್, ಹಿಂದೆ ಡ್ರಮ್. 1969ರ ಕಮಾರೊಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬೇಕೆಂದರೆ ಜೆಎಲ್8 ಎಂಬ ದುಬಾರಿ ಆಯ್ಕೆ ಇತ್ತು. ಕೊಂಡವರು 206 ಮಂದಿ.

ರೇಸ್ ಅಂಗಳದ ತೀರ್ಪನ್ನೂ ನಿಮ್ಮ ಗೆಳೆಯರು ಎತ್ತುತ್ತಾರೆ, ಆದ್ದರಿಂದ ಅದನ್ನೂ ಹೇಳುತ್ತೇನೆ. 1969ರ ಟ್ರಾನ್ಸ್-ಆ್ಯಮ್‌ನ 12 ರೇಸ್‌ಗಳಲ್ಲಿ ಮೊದಲ ಐದರಲ್ಲಿ ನಾಲ್ಕನ್ನು ಬಾಸ್ ಮಸ್ಟಾಂಗ್‌ಗಳು ಗೆದ್ದವು. ಪಾರ್ನೆಲ್ಲಿ ಜೋನ್ಸ್, ಜಾರ್ಜ್ ಫೋಲ್ಮರ್, ಸ್ಯಾಮ್ ಪೋಸಿ ಚಾಲಕರು. ಆಮೇಲಿನ ಏಳನ್ನೂ ಕಮಾರೊ ಗೆದ್ದಿತು, ಅದರಲ್ಲಿ ಆರು ಡಾನಹ್ಯೂ ಅವರದ್ದು. ಇಷ್ಟು ದೊಡ್ಡ ತಿರುವು ಕಾರಿನ ಇಂಜಿನಿಂದ ಬಂದದ್ದಲ್ಲ. ಕೆನಡಾದ ಸೇಂಟ್ ಜೋವಿಟ್‌ನಲ್ಲಿ ಒಂದೇ ಸರಣಿ ಅಪಘಾತದಲ್ಲಿ ಹಲವು ಮಸ್ಟಾಂಗ್‌ಗಳು ಜಜ್ಜಿಹೋದವು. ಇನ್ನೊಂದು ಕಡೆ ರೋಜರ್ ಪೆನ್‌ಸ್ಕಿ ತಂಡದ ಶಿಸ್ತು ನಿರ್ದಯವಾದದ್ದು. ಕಾರಿನ ದೇಹವನ್ನು ಆಮ್ಲದಲ್ಲಿ ಅದ್ದಿ ತಗಡು ತೆಳುವಾಗಿಸಿ ತೂಕ ಇಳಿಸುವ ವಿದ್ಯೆಯಲ್ಲಿ ಅವರು ಪಳಗಿದ್ದರು. ಆ ವರ್ಷದ ಅವರ ರೇಸ್ ಕಮಾರೊಗಳ ಮೇಲೆ ಕಪ್ಪು ವಿನೈಲ್ ಹೊದಿಕೆಯ ಛಾವಣಿ ಇತ್ತು. ರೇಸ್ ಕಾರಿಗೆ ಅದೇಕೆ ಎಂದರೆ, ಆಮ್ಲ ತಿಂದು ಸುಕ್ಕಾದ ತಗಡನ್ನು ಮರೆಮಾಡಲು ಎಂದು ಹೇಳುತ್ತಾರೆ. ಮರುವರ್ಷ ಪೆನ್‌ಸ್ಕಿ ತಂಡ ಷೆವರ್ಲೆ ಬಿಟ್ಟು ಎಎಂಸಿ ಕಂಪನಿಯ ಜಾವೆಲಿನ್ ಕಾರಿನ ಕಡೆಗೆ ಹೋಯಿತು. 1970ರ 11 ರೇಸ್‌ಗಳಲ್ಲಿ ಬಡ್ ಮೂರ್ ತಂಡದ ಮಸ್ಟಾಂಗ್‌ಗಳು ಆರನ್ನು ಗೆದ್ದು ಪ್ರಶಸ್ತಿ ಹೊತ್ತವು. ಎರಡು ವರ್ಷ, ಒಬ್ಬೊಬ್ಬರಿಗೆ ಒಂದೊಂದು. ಇದರಿಂದ ಕಾರಿನ ಬಗ್ಗೆ ಗೊತ್ತಾಗುವುದಕ್ಕಿಂತ ತಂಡದ ಬಗ್ಗೆ ಗೊತ್ತಾಗುವುದೇ ಹೆಚ್ಚು. ಆದ್ದರಿಂದ ನಿಮ್ಮಿಬ್ಬರ ವಾದದಲ್ಲಿ ಈ ಸಾಕ್ಷಿಯನ್ನು ಕೈಬಿಡಿ.

ಕೊನೆಯದಾಗಿ ಕೊಳ್ಳುವ ಮಾತು. ಈ ಎರಡು ಕಾರುಗಳಲ್ಲಿ ನಕಲಿಯ ಅಪಾಯ ಒಂದೇ ಬಗೆಯದ್ದಲ್ಲ. 1969ರ ಬಾಸ್ 302ರ ಚಾಸಿಸ್ ಸಂಖ್ಯೆಯಲ್ಲಿ ಐದನೇ ಅಕ್ಷರ ‘ಜಿ’ ಆಗಿರಬೇಕು, ಅದು ಆ ಇಂಜಿನ್‌ನ ಸಂಕೇತ. ಸಂಖ್ಯೆಯೇ ಸಾಕ್ಷಿ ಹೇಳುತ್ತದೆ. ಆ ವರ್ಷ ತಯಾರಾದದ್ದೂ 1,628 ಮಾತ್ರ. ಕಮಾರೊದಲ್ಲಿ ಈ ಅನುಕೂಲವಿಲ್ಲ. ಚಾಸಿಸ್ ಸಂಖ್ಯೆ ವಿ8 ಇಂಜಿನ್‌ನ ಕಾರು ಎಂದಷ್ಟೇ ಹೇಳುತ್ತದೆ, ಝಡ್/28 ಹೌದೋ ಅಲ್ಲವೋ ಎಂದು ಹೇಳುವುದಿಲ್ಲ. ಪಟ್ಟೆ ಬಳಿದು, ಫಲಕ ಅಂಟಿಸಿ, ಸಾಮಾನ್ಯ ಕಮಾರೊವನ್ನು ಝಡ್/28 ಮಾಡಿದವರು ಬೇಕಾದಷ್ಟು ಮಂದಿ. ಇಂಜಿನ್ ಬ್ಲಾಕ್‌ನ ಮುಂಭಾಗದಲ್ಲಿ ಒತ್ತಿದ ಅಕ್ಷರಗಳ ಕೊನೆಯಲ್ಲಿ ‘ಡಿಝಡ್’ ಇರಬೇಕು, ಜೊತೆಗೆ ಅಲ್ಲೇ ಒತ್ತಿದ ಸಂಖ್ಯೆ ಕಾರಿನ ಚಾಸಿಸ್ ಸಂಖ್ಯೆಗೆ ಹೊಂದಬೇಕು. ಆ ಜಾಗವನ್ನು ಉಜ್ಜಿ ಹೊಸದಾಗಿ ಒತ್ತುವವರೂ ಇದ್ದಾರೆ. ಆದ್ದರಿಂದ ಮೂಲ ಮಾರಾಟದ ಕಾಗದ ಕೇಳಿ, ತಿಳಿದವರೊಬ್ಬರನ್ನು ಕರೆದುಕೊಂಡು ಹೋಗಿ. ಇದು ಬರೀ ಬೆಲೆಯ ವಿಷಯವಲ್ಲ: ಎಷ್ಟೋ ಝಡ್/28ಗಳ 302 ಸಿಡಿದುಹೋಗಿ ಅಲ್ಲಿ ಈಗ 350 ಇಂಜಿನ್ ಕೂತಿದೆ. ಅಂಥದ್ದನ್ನು ಓಡಿಸಿ ‘ಝಡ್/28ರ ಎಳೆತ ಎಷ್ಟು ಚೆನ್ನ’ ಎಂದರೆ ನೀವು ಹೊಗಳಿದ್ದು ಬೇರೆ ಇಂಜಿನನ್ನು.

ಬಾಸ್‌ನಲ್ಲಿ ಇಂಜಿನ್ ಒಳಗೆ ಒಂದು ದೌರ್ಬಲ್ಯವಿದೆ. ಮೂಲ ಪಿಸ್ಟನ್‌ಗಳ ಕೆಳಗಿನ ಅಂಚು ಕಾಲಾಂತರದಲ್ಲಿ ಬಿರುಕುಬಿಡುತ್ತದೆ, ತುಂಡು ಎಣ್ಣೆ ತಟ್ಟೆಗೆ ಬೀಳುತ್ತದೆ. ಇಂಜಿನ್ ಬಿಚ್ಚಿ ಹೊಸ ಪಿಸ್ಟನ್ ಹಾಕಿದ ದಾಖಲೆ ಇದ್ದರೆ ಅದನ್ನು ದೋಷ ಎಂದುಕೊಳ್ಳದೆ ಗುಣ ಎಂದೇ ತಿಳಿಯಿರಿ.

ನನ್ನ ಹಣವಾದರೆ? ಪ್ರತಿದಿನ ಓಡಿಸಲು ಎರಡೂ ಬೇಡ. ವಾರಕ್ಕೊಮ್ಮೆ ಬೆಳಗ್ಗೆ ಖಾಲಿ ರಸ್ತೆಯಲ್ಲಿ ತಿರುವುಗಳ ಮೇಲೆ ಹೋಗಲು ಬಾಸ್ ತೆಗೆದುಕೊಳ್ಳುತ್ತೇನೆ, ಆದರೆ ಇಂಜಿನ್ ಸದ್ದಿಗಾಗಿ ಪ್ರತಿಸಲವೂ ಝಡ್/28 ಇರುವವರನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತೇನೆ. ಮುಂದಿನ ಆಗಸ್ಟ್‌ನಲ್ಲಿ ವುಡ್‌ವರ್ಡ್‌ನಲ್ಲಿ ಆ ಬಾಸ್‌ನ ಮಾಲೀಕರು ಮತ್ತೆ ಸಿಕ್ಕರೆ ಒಂದೇ ಒಂದು ಪ್ರಶ್ನೆ ಕೇಳಿ: ಲಿಮಿಟರ್ ತಂತಿ ಇನ್ನೂ ಜೋಡಿಸಿಯೇ ಇದೆಯೇ? ಇಲ್ಲ ಎಂದರೆ, ಗೆಳೆಯರೊಂದಿಗೆ ಪಣ ಕಟ್ಟಬೇಡಿ.